ಹಿಂದಿನ ಚಕ್ರದ ತೂಕ

ಆ ಬೀದಿಯಲ್ಲಿ ಅವನನ್ನು ಹೆತ್ತವರಿಟ್ಟ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ಇನ್ನೊಂಚೂರಣ್ಣ. ಕ್ಷೌರದ ಕುರ್ಚಿಯಲ್ಲಿ ಕೂತವರ ಎಡಗಿವಿಯ ಪಕ್ಕದ ಕೂದಲು ಕತ್ತರಿಸಿ, ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, "ಬಲಗಡೆ ಇನ್ನೊಂಚೂರು" ಎನ್ನುತ್ತಿದ್ದ. ಬಲಗಡೆ ಆದಮೇಲೆ ಎಡಗಡೆ ಹೆಚ್ಚಾಗಿ ಕಾಣುತ್ತಿತ್ತು. "ಎಡಗಡೆ ಇನ್ನೊಂಚೂರು." ಹೊಸಬರು ಗಾಬರಿಯಾದರೆ, ಬೆಂಚಿನ ಮೇಲೆ ಕಾಯುತ್ತ ಕೂತ ಹಳಬರು ಧೈರ್ಯ ಹೇಳುತ್ತಿದ್ದರು: "ಹೆದರ್ಬೇಡಿ ಸಾರ್, ಕಿವಿ ಸಿಕ್ಕಿದಮೇಲೆ ನಿಲ್ಲಿಸ್ತಾನೆ."

ಅಂಗಡಿಯಲ್ಲಿ ಅವನ ಬಾಯಿಗೆ ಬಿಡುವಿರಲಿಲ್ಲ. ಆದರೆ ಅದೆಲ್ಲ ಬೇರೆಯವರ ತಲೆಯ ಹಿಂಭಾಗಕ್ಕೆ ಹೇಳಿದ ಮಾತು. ಎದುರಿಗೆ ಕನ್ನಡಿಯಿದ್ದರೂ ಅದರಲ್ಲಿ ಅವನು ನೋಡುತ್ತಿದ್ದುದು ಕೂದಲನ್ನೇ ಹೊರತು ಕಣ್ಣನ್ನಲ್ಲ. ಕೆಲಸ ಮುಗಿದು ಗಿರಾಕಿ ಎದ್ದು ಇವನ ಕಡೆ ತಿರುಗಿದರೆ ಮಾತು ಅಲ್ಲಿಗೇ ನಿಂತುಹೋಗುತ್ತಿತ್ತು. ಕೊಟ್ಟದ್ದನ್ನು ತೆಗೆದುಕೊಂಡು ಬಟ್ಟೆ ಕೊಡವುತ್ತ ನೆಲ ನೋಡುತ್ತಿದ್ದ. ಅರ್ಧ ಗಂಟೆ ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಮನುಷ್ಯ ಇವನೇನಾ ಅನ್ನಿಸಬೇಕು, ಹಾಗೆ.

ದೇವರು ಜೋಡಿ ಹಾಕುವಾಗ ಯೋಚಿಸಿಯೇ ಹಾಕುತ್ತಾನೆ ಅಂತಾರೆ. ಅವನ ಹೆಂಡತಿಯೂ ಅಂಥವಳೇ. ಮೂಲೆಯ ದರ್ಜಿಗೆ ಮನೆಯಲ್ಲೇ ಕೂತು ಅಂಗಿಗಳಿಗೆ ಕಾಜ ಹಾಕಿ ಗುಂಡಿ ಹೊಲಿದುಕೊಡುತ್ತಿದ್ದಳು. ಸೂಜಿ ಹಿಡಿದರೆ ತಲೆ ಎತ್ತುವುದಿಲ್ಲ. ಊಟಕ್ಕೆ ಎದುರುಬದುರು ಕೂತರೆ "ಉಪ್ಪು ಸರಿಯಿದೆಯಾ", "ಸರಿಯಿದೆ", ಅಲ್ಲಿಗೆ ಮುಗಿಯಿತು. ಜಗಳವಿಲ್ಲ, ಬೇಸರವಿಲ್ಲ. ಮುಖ ನೋಡಿದರೆ ಇಬ್ಬರಿಗೂ ಮಾತು ಬರುತ್ತಿರಲಿಲ್ಲ, ಅಷ್ಟೆ.

ಹಾಗಾದರೆ ಇಷ್ಟು ವರ್ಷ ಸಂಸಾರ ಹೇಗೆ ಮಾಡಿದರು ಎಂದು ನೀವು ಕೇಳಬಹುದು. ಬೈಕಿನ ಮೇಲೆ ಮಾಡಿದರು.

ಅಂಗಡಿಗೆ ವಾರಕ್ಕೊಂದು ದಿನ ರಜೆ. ಆ ದಿನ ಮಧ್ಯಾಹ್ನ ಕಳೆದಮೇಲೆ ಅವನು ಗಾಡಿ ಹೊರಗೆ ತೆಗೆಯುತ್ತಿದ್ದ, ಅವಳು ಬಾಗಿಲಿಗೆ ಬೀಗ ಹಾಕಿ ಹಿಂದೆ ಒಂದು ಪಕ್ಕಕ್ಕೆ ಕೂರುತ್ತಿದ್ದಳು. ಇಂಥ ಕಡೆಗೇ ಹೋಗಬೇಕೆಂದಿಲ್ಲ. ಸೇತುವೆ ದಾಟಿ, ನದಿಯ ಪಕ್ಕದ ರಸ್ತೆ ಹಿಡಿದು, ಮರಗಳ ಸಾಲು ಮುಗಿಯುವ ತನಕ ಹೋಗಿ ವಾಪಸು ಬರುವುದು. ಬೀದಿ ದಾಟುವವರೆಗೆ ಇಬ್ಬರೂ ಸುಮ್ಮನಿರುತ್ತಿದ್ದರು. ಸೇತುವೆಯ ಗಾಳಿ ಬಡಿದದ್ದೇ ತಡ, ಅವಳು ಅವನ ಬೆನ್ನಿನ ಹತ್ತಿರ ಬಾಯಿ ತಂದು ಆ ವಾರ ಬಿದ್ದ ಕನಸುಗಳನ್ನು ಹೇಳಲು ಶುರುಮಾಡುತ್ತಿದ್ದಳು.

ಅವಳಿಗೆ ಬೀಳುತ್ತಿದ್ದವು ಒಂದಕ್ಕಿಂತ ಒಂದು ಸೊಗಸಾದ ಕನಸುಗಳು. ಒಂದು ಮನೆಯಂತೆ, ಮೆಟ್ಟಿಲು ಇಳಿದಷ್ಟೂ ಇನ್ನೊಂದು ಕೋಣೆಯಂತೆ, ಎಲ್ಲ ಕೋಣೆಯಲ್ಲೂ ಯಾರೋ ಆಗತಾನೆ ಎದ್ದುಹೋದ ಹಾಗೆ ಹಾಸಿಗೆ ಬೆಚ್ಚಗಿದೆಯಂತೆ. ಸತ್ತುಹೋದ ಅವಳ ಅತ್ತಿಗೆ ರಾಶಿ ಅಂಗಿ ತಂದು, "ಇವಕ್ಕೆ ಗುಂಡಿ ಬೇಡ, ಕಾಜ ಮಾತ್ರ ಹಾಕು" ಅಂದಳಂತೆ. ಅರ್ಧ ಮಾತು ಇವನ ಕಿವಿಗೆ, ಅರ್ಧ ಗಾಳಿಗೆ. ಒಮ್ಮೆ ಇಡೀ ಕನಸಿನಲ್ಲಿ "ನೀಲಿ" ಎಂಬ ಒಂದೇ ಪದ ಅವನಿಗೆ ಕೇಳಿಸಿತ್ತು. ನೀಲಿಯೆಂದರೆ ಏನು ನೀಲಿ ಎಂದು ಕೇಳಲು ಸಂಕೋಚವಾಗಿ, ವಾರವೆಲ್ಲ ಕತ್ತರಿಯಾಡಿಸುತ್ತ ಒಂದೊಂದು ದಿನ ಒಂದೊಂದನ್ನು ನೀಲಿ ಮಾಡಿ ನೋಡಿದ್ದ. ಅವನ ಪಾಲಿಗೆ ಸುಖವೆಂದರೆ ಅದು.

ಇದೆಲ್ಲ ಒಂದು ಸಂಜೆ ನಿಂತುಹೋಯಿತು.

ಹಿಂದಿನ ಟೈರು ಸವೆದು ನುಣ್ಣಗಾಗಿತ್ತು. ವಾಪಸು ಬರುವ ದಾರಿಯಲ್ಲಿ ಯಾರೋ ಮನೆ ಕಟ್ಟಿಸಲು ಸುರಿದ ಮರಳು ರಸ್ತೆಗೆ ಹರಡಿತ್ತು. ಗಾಡಿ ಸರ್ರೆಂದು ಜಾರಿ, ಅಡ್ಡವಾಗಿ, ಇನ್ನೇನು ಬಿತ್ತು ಎನ್ನುವಾಗ ಇವನು ಕಾಲು ಕೊಟ್ಟು, ಹ್ಯಾಂಡಲ್ ತಿರುಗಿಸಿ, ಹೇಗೋ ನೆಟ್ಟಗೆ ಮಾಡಿಬಿಟ್ಟ. ಎದೆ ಡವಡವ ಹೊಡೆದುಕೊಳ್ಳುತ್ತಿದ್ದರೂ ಖುಷಿಯಾಯಿತು. "ನೋಡಿದ್ಯಾ, ಹೆಂಗೆ ಉಳಿಸ್ಕೊಂಡೆ!" ಎಂದ. ಅಷ್ಟಕ್ಕೇ ಬಿಡದೆ, ಚಿಕ್ಕಂದಿನಲ್ಲಿ ಸೈಕಲ್ಲಿನಲ್ಲಿ ಹೀಗೇ ಬೀಳದೆ ಉಳಿದ ಕಥೆಯನ್ನು ಹೇಳುತ್ತ ಹೋದ. ರಸ್ತೆಯ ತಿರುವಿನಲ್ಲಿ ಪರಿಚಯದ ಹಣ್ಣಿನವನು ಎದ್ದು ನಿಂತು, "ಅಣ್ಣ, ಅಕ್ಕ ಎಲ್ಲಿ?" ಎಂದಮೇಲೆ ಹಿಂದೆ ನೋಡಿದ. ಸೀಟು ಖಾಲಿಯಿತ್ತು.

ಅವಳು ಮರಳಿನ ಪಕ್ಕದಲ್ಲೇ ಕೂತಿದ್ದಳು. ಬಲಗೈ ಮಣಿಕಟ್ಟು ಮುರಿದಿತ್ತು. ಕಟ್ಟು ಹಾಕಿಸಿ, ಬಿಚ್ಚಿಸಿ, ಮತ್ತೆ ಸೂಜಿ ಹಿಡಿಯುವಷ್ಟರಲ್ಲಿ ತಿಂಗಳುಗಳೇ ಕಳೆದವು. ಅಷ್ಟರಲ್ಲಿ ಇವನು ಅಂಗಡಿಯಲ್ಲಿ ಆ ಸಂಜೆಯನ್ನು ಒಂದು ಕಥೆ ಮಾಡಿಬಿಟ್ಟಿದ್ದ. ಖಾಲಿ ಸೀಟಿಗೆ ಸೈಕಲ್ಲಿನ ಪುರಾಣ ಹೇಳುತ್ತ ಹೋದದ್ದು, ಹಣ್ಣಿನವನು ಬಾಯಿ ಬಿಟ್ಟುಕೊಂಡು ನಿಂತದ್ದು, ಎಲ್ಲವನ್ನೂ ಅಭಿನಯಿಸಿ ಹೇಳುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಮೂಲೆಯ ದರ್ಜಿಯೂ ಕೇಳಿದ, ಅಂಗಿಗಳ ಗಂಟು ಕೊಡಲು ಬಂದವನು ಅವಳಿಗೂ ಹೇಳಿ ನಕ್ಕ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವಳು ಗಂಟು ಇಸಿದುಕೊಂಡು ಒಳಗೆ ಹೋದಳು.

ಕೈ ವಾಸಿಯಾದಮೇಲಿನ ಮೊದಲ ರಜೆಯ ದಿನ ಅವನು ಬಾಗಿಲಲ್ಲಿ ನಿಂತು, "ಹೋಗೋಣ್ವಾ?" ಎಂದ.

"ಟೈರು ಸವೆದಿದೆ," ಎಂದಳು.

ಅದು ನಿಜವೂ ಆಗಿತ್ತು. ಮಳೆ ನಿಲ್ಲಲಿ, ಅಂಗಡಿಯ ಸೀಸನ್ ಮುಗಿಯಲಿ ಎಂದು ಅವನು ದಿನ ದೂಡುತ್ತ, ಕೊನೆಗೂ ಮುಂದಕ್ಕೊಂದು ಹಿಂದಕ್ಕೊಂದು ಹೊಸ ಟೈರು ಹಾಕಿಸಿದ. ಈಗ ನೋಡಿದರೆ ಸ್ವಲ್ಪ ವೇಗ ಹೆಚ್ಚಿದೊಡನೆ ಹ್ಯಾಂಡಲ್ಲು ಚಳಿ ಹಿಡಿದವರಂತೆ ನಡುಗುತ್ತಿತ್ತು. ಬಾಯಿ ತಪ್ಪಿ ಅದನ್ನು ಮನೆಯಲ್ಲಿ ಹೇಳಿದ.

"ನಡುಗೋ ಗಾಡಿ ಮೇಲೆ ನಾನು ಕೂರಲ್ಲ," ಎಂದಳು ಅವಳು, ದಾರ ಕಚ್ಚಿ ಕತ್ತರಿಸುತ್ತ.

ಟೈರಂಗಡಿಯವನು ನಕ್ಕ. "ಚಕ್ರ ಬ್ಯಾಲೆನ್ಸ್ ಆಗಿಲ್ಲಣ್ಣ. ಒಂದು ಕಡೆ ಭಾರ, ಒಂದು ಕಡೆ ಹಗುರ. ನನ್ನ ಮಿಷನ್ನು ಕಾರಿಗೆ ಮಾತ್ರ. ಇದನ್ನ ಮನೇಲೇ ಮಾಡ್ಕೋಬಹುದು." ಚಕ್ರ ಬಿಚ್ಚಿ, ನಡುವಿನ ತೂತಿಗೆ ಅದರ ಅಚ್ಚನ್ನೇ ತೂರಿಸಿ, ಅಚ್ಚಿನ ತುದಿಗಳನ್ನು ಸಮನಾದ ಎರಡು ಸ್ಟೂಲುಗಳ ಮೇಲಿಟ್ಟು ತಿರುಗಿಸಬೇಕು. ಭಾರದ ಜಾಗ ತಾನಾಗಿ ಕೆಳಗೆ ಬಂದು ನಿಲ್ಲುತ್ತದೆ. ಅದರ ಎದುರಿಗೆ, ಮೇಲುಗಡೆ, ಐದೈದು ಗ್ರಾಮಿನ ಅಂಟುವ ತೂಕ ಹಚ್ಚುತ್ತ ಹೋಗಬೇಕು. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವಷ್ಟಾದರೆ ಕೆಲಸ ಮುಗಿಯಿತು. ಇಷ್ಟು ಹೇಳಿ, ಸಣ್ಣ ಸಣ್ಣ ತೂಕಗಳಿದ್ದ ಪಟ್ಟಿಯೊಂದನ್ನು ಅವನ ಕೈಗಿಟ್ಟ.

ಮುಂದಿನ ರಜೆಯ ದಿನ ಇನ್ನೊಂಚೂರಣ್ಣ ಮುಂದಿನ ಚಕ್ರ ಬಿಚ್ಚಿ ಹೊರಕೋಣೆಗೆ ತಂದ. ಅಂಗಡಿಯ ಎರಡು ಸ್ಟೂಲುಗಳನ್ನು ಎದುರುಬದುರು ಇಟ್ಟು, ಗಡ್ಡಕ್ಕೆ ನೊರೆ ಮಾಡುವ ಬಟ್ಟಲಿನಲ್ಲಿ ನೀರು ತುಂಬಿ, ಒಂದೊಂದರ ಮೇಲೂ ಇಟ್ಟು ಮಟ್ಟ ನೋಡಿದ. ಕಿಟಕಿಯ ಹತ್ತಿರ ಅವಳು ಅಂಗಿಯ ರಾಶಿ ಹಾಕಿಕೊಂಡು ಕೂತಿದ್ದಳು. ಜಾಗ ಇಕ್ಕಟ್ಟು. ಅವಳಿಗೆ ಬೆನ್ನು ಹಾಕಿ ನೆಲದ ಮೇಲೆ ಕೂರದೆ ಅವನಿಗೆ ಗತಿಯಿರಲಿಲ್ಲ.

ಚಕ್ರ ತಿರುಗಿತು. ಕಿಟಕಿಯ ಬಿಸಿಲು ಅದರ ಕಡ್ಡಿಗಳ ನಡುವೆ ಹಾದು ಗೋಡೆಯ ಮೇಲೆ ನೆರಳು ಸುತ್ತತೊಡಗಿತು. ನಿಧಾನವಾಗಿ, ಇನ್ನೂ ನಿಧಾನವಾಗಿ ಸುತ್ತಿ, ನಿಂತಿತು ಎನ್ನುವಾಗ ಹಿಂದಕ್ಕೆ ತೂಗಿ, ಮುಂದಕ್ಕೆ ತೂಗಿ, ತೊಟ್ಟಿಲ ಹಾಗೆ ಆಡಿ, ಒಂದು ಕಡೆ ಮಲಗಿತು. ಮತ್ತೆ ತಿರುಗಿಸಿದ. ಮತ್ತೆ ಅದೇ ಜಾಗ ಕೆಳಗೆ.

ಸರಿ, ಭಾರದ ಜಾಗ ಸಿಕ್ಕಿತು. ಬೇರೆ ಯಾರೇ ಆಗಿದ್ದರೂ ಎದುರಿಗೆ ತೂಕ ಅಂಟಿಸುತ್ತಿದ್ದರು. ಆದರೆ ನಮ್ಮ ಇನ್ನೊಂಚೂರಣ್ಣನ ಕಣ್ಣು ಟೈರಿನ ಮೈಮೇಲೆ ಬಿತ್ತು. ಹೊಸ ಟೈರಿಗೆ ಕಾರ್ಖಾನೆಯಲ್ಲಿ ಎರಕ ಹೊಯ್ಯುವಾಗ ಉಳಿದ ಸಣ್ಣ ರಬ್ಬರು ಎಳೆಗಳಿರುತ್ತವಲ್ಲ, ಮುಳ್ಳಿನ ಹಾಗೆ ನಿಂತಿರುವಂಥವು, ಅವು ಕಂಡವು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಒಳಗಿನಿಂದ ಕತ್ತರಿ ತಂದ. ಭಾರದ ಕಡೆಯ ಎಳೆಗಳನ್ನು ಒಂದೂ ಬಿಡದೆ ಬುಡಕ್ಕೆ ಕತ್ತರಿಸಿ, ತಿರುಗಿಸಿ ನೋಡಿದ. ಅದೇ ಜಾಗ ಕೆಳಗೆ ಬಂತು. "ಇನ್ನೊಂಚೂರು," ಎಂದು ತನಗೇ ಹೇಳಿಕೊಂಡು ಕ್ಷೌರದ ಕತ್ತಿ ತಂದ, ಬುಡವನ್ನೂ ನುಣ್ಣಗೆ ಮಾಡಿದ. ಊಟದ ಹೊತ್ತಿಗೆ ಟೈರಿನ ಅರ್ಧಭಾಗ ಮದುವೆಗೆ ಹೊರಟವನಂತೆ, ಇನ್ನರ್ಧ ವಾರದ ಜ್ವರದಿಂದ ಎದ್ದವನಂತೆ ಕಾಣುತ್ತಿತ್ತು. ಚಕ್ರ ಮಾತ್ರ ಜಪ್ಪಯ್ಯ ಎಂದರೂ ಬದಲಾಗಲಿಲ್ಲ.

ಬೆನ್ನ ಹಿಂದೆ ಏನೋ ಸದ್ದಾಯಿತು. ಅವಳು ನಗು ತಡೆದುಕೊಳ್ಳುತ್ತಿದ್ದಳು.

"ಕೆಲಸ ಇಲ್ಲದ ಬಡಗಿ ಮಗನ ಕುಂಡಿ ಕೆತ್ತಿದನಂತೆ. ನೀವು ಟೈರಿಗೆ ಗಡ್ಡ ಬೋಳಿಸ್ತಾ ಇದ್ದೀರಲ್ರೀ!"

ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಎದೆ ತುಂಬಿಬಂತು. ವರ್ಷದ ಮೇಲೆ ಅವಳು ಅವನ ಬೆನ್ನಿಗೆ ಆಡಿದ ಮೊದಲ ಮಾತು ಅದು. ತಿರುಗಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ತಿರುಗದೆಯೇ ಕೇಳಿದ:

"ಮತ್ತೇನ್ ಮಾಡ್ಬೇಕು?"

"ತೆಗೆಯೋದು ಬಿಟ್ಟು ಹಾಕಿ. ಹಗುರ ಇರೋ ಕಡೆ ಹಾಕಿ. ಅವನು ಹೇಳಿದ್ದೂ ಅದೇ ಅಲ್ವಾ?"

ಹಾಕುವುದು ಅವನಿಗೆ ಅಭ್ಯಾಸವಿಲ್ಲದ ಕೆಲಸ. ಜೀವಮಾನದಲ್ಲಿ ಯಾರ ತಲೆಗೂ ಒಂದು ಎಳೆ ಕೂದಲನ್ನು ಅವನು ಸೇರಿಸಿದವನಲ್ಲ. ಹೆದರುತ್ತ ಹೆದರುತ್ತ ಒಂದು ತೂಕ ಅಂಟಿಸಿದ. ಚಕ್ರದ ತೂಗಾಟ ಕಡಿಮೆಯಾಯಿತು. ಇನ್ನೊಂದು ಅಂಟಿಸಿದ, ಒಂದು ಬೆರಳಿನಷ್ಟು ಸರಿಸಿದ. ಕತ್ತಲಾಗುವ ಹೊತ್ತಿಗೆ ಎಲ್ಲಿ ಬಿಟ್ಟರೆ ಅಲ್ಲಿ ನಿಂತಿತು.

ಆ ವಾರವೆಲ್ಲ ಅಂಗಡಿಯಲ್ಲಿ ಅವನು ಕತ್ತರಿಯಾಡಿಸುತ್ತಿದ್ದರೂ ಮನಸ್ಸು ಆ ಕೋಣೆಯಲ್ಲೇ ಇತ್ತು. ಗೋಡೆಯ ಮೇಲೆ ಸುತ್ತುವ ನೆರಳು, ಹಿಂದೆ ದಾರ ಎಳೆಯುವ ಸದ್ದು, ಬಂದರೂ ಬರಬಹುದಾದ ಒಂದು ಮಾತು. ಗಿರಾಕಿಗಳು, "ಏನಣ್ಣ, ಇವತ್ತು ಕಥೆ ಇಲ್ವಾ?" ಎಂದು ಕೇಳಿದರು. "ಇಲ್ಲ," ಎಂದ.

ಮುಂದಿನ ರಜೆಗೆ ಹಿಂದಿನ ಚಕ್ರ ಉಳಿದಿತ್ತು. ಚೈನು ಬಿಡಿಸಿ, ಒಳಗೆ ತಂದು, ಸ್ಟೂಲುಗಳ ಮೇಲಿಟ್ಟ. ಅವಳು ಮೊದಲೇ ಬಂದು ಕಿಟಕಿಯ ಹತ್ತಿರ ಕೂತಿದ್ದಳು. ಹೊರಗೆ ಬೀದಿಯೇ ನಿದ್ದೆ ಹೋದಂತಿತ್ತು. ದೂರದಲ್ಲಿ ಯಾರೋ ಬಿಂದಿಗೆಗೆ ನೀರು ಬಿಟ್ಟು ಮರೆತಿದ್ದರು, ತುಂಬಿ ಸುರಿಯುವ ಸದ್ದು ಕೇಳುತ್ತಿತ್ತು. ಎರಡು ತೂಕ ಅಂಟಿಸಿದ್ದಾಗಿತ್ತು, ಚಕ್ರ ಸಮನಾಗಿ ಸುತ್ತುತ್ತಿತ್ತು. ಅದನ್ನೇ ನೋಡುತ್ತ ನೋಡುತ್ತ ಅವನಿಗೆ ತಾನು ಕೂತಿರುವುದು ನೆಲದ ಮೇಲಲ್ಲ, ನದಿಯ ರಸ್ತೆಯಲ್ಲಿ ಹೋಗುತ್ತಿದ್ದೇನೆ, ಮರಗಳು ಹಿಂದೆ ಸರಿಯುತ್ತಿವೆ ಅನ್ನಿಸಿತು. ಆಗ ಬೆನ್ನಿಗೆ ಮಾತು ಬಂತು.

"ಒಂದು ಕನಸು ಬೀಳ್ತಿದೆ. ಮತ್ತೆ ಮತ್ತೆ ಅದೇ."

ಅವನ ಕೈ ಚಕ್ರದ ಮೇಲೆ ನಿಂತಿತು.

"ತಿರುಗಬೇಡಿ," ಎಂದಳು. "ತಿರುಗಿದ್ರೆ ನನಗೆ ಹೇಳಕ್ಕಾಗಲ್ಲ."

"ತಿರುಗಲ್ಲ. ಹೇಳು."

"ಆ ಮರಳಿನ ಪಕ್ಕ ಕೂತಿದ್ದೀನಿ. ಕೈ ನೋವಿಲ್ಲ, ಏನಿಲ್ಲ. ಸಂಜೆ ಬಿಸಿಲು ತುಂಬಾ ಚೆನ್ನಾಗಿದೆ. ನೀವು ಗಾಡೀಲಿ ಹೋಗ್ತಾ ಇದ್ದೀರ. ಹಿಂದೆ ಯಾರೋ ಕೂತಿದ್ದಾಳೆ. ನೋಡಿದ್ರೆ ನಾನೇ. ನನ್ನದೇ ಬಟ್ಟೆ, ನನ್ನದೇ ಜಡೆ. ನೀವು ಸೈಕಲ್ ಕಥೆ ಹೇಳ್ತಾ ಇದ್ದೀರ, ಅವಳು ಹೂಂ ಹೂಂ ಅಂತಿದ್ದಾಳೆ. ನಾನು ಕೂಗಿದೆ. ನೀವೂ ತಿರುಗಲಿಲ್ಲ, ಅವಳೂ ತಿರುಗಲಿಲ್ಲ."

"ಆಮೇಲೆ?"

"ಆಮೇಲೇನು, ಎಚ್ಚರ ಆಗುತ್ತೆ. ನೀವು ಗೊರಕೆ ಹೊಡೀತಿರ್ತೀರ."

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಏನು ಮಾಡಲೂ ತೋಚದೆ ಪಟ್ಟಿಯಿಂದ ಇನ್ನೊಂದು ತೂಕ ಬಿಡಿಸಿ ಅಂಟಿಸಿದ. ಚಕ್ರ ಒಂದಿಷ್ಟು ವಾಲಿತು. ಅಭ್ಯಾಸಬಲದಿಂದ ಬಾಯಿಗೆ ಬಂತು: "ಐದು ಗ್ರಾಂ ಹೆಚ್ಚಾಯ್ತು."

ಹಿಂದೆ ದಾರ ಎಳೆಯುವ ಸದ್ದು ನಿಂತಿತು.

"ಐದು ಗ್ರಾಂ ಹೆಚ್ಚಾದ್ರೆ ಗೊತ್ತಾಗುತ್ತೆ ನಿಮಗೆ," ಎಂದಳು. "ನಾನು ಇಡೀ ಒಂದು ಆಳು ಬಿದ್ದುಹೋದ್ರೆ ಗೊತ್ತಾಗಲಿಲ್ಲ. ಟೈರಲ್ಲ ರೀ. ನಡುಗೋದೂ ಅಲ್ಲ. ಬೀಳೋದು ಯಾರು ಬೇಕಾದ್ರೂ ಬೀಳ್ತಾರೆ. ನಾನಿಲ್ಲ ಅಂತ ಹಣ್ಣಿನವನು ಹೇಳ್ಬೇಕಾಯ್ತು. ಅದನ್ನ ಊರಿಗೆಲ್ಲ ಹೇಳಿ ನಕ್ರಿ."

ಚಕ್ರ ತಾನಾಗಿ ಒಂದು ಕಡೆ ವಾಲಿ ನಿಂತಿತು. ಅವನು ಅದನ್ನು ಮುಟ್ಟಲಿಲ್ಲ. ಅಂಗಡಿಯಲ್ಲಿ ಆ ಕಥೆ ಹೇಳಿದ ಎಲ್ಲ ದಿನಗಳೂ ಒಟ್ಟಿಗೆ ಮೈಮೇಲೆ ಬಿದ್ದ ಹಾಗಾಯಿತು. ಅಷ್ಟು ಜನ ನಕ್ಕಿದ್ದರು. ಅವಳು ಈಗ ಹೇಳಿದ್ದನ್ನು ಹಣ್ಣಿನವನ ಮುಖ ಆ ಹೊತ್ತಿಗೇ ಹೇಳಿತ್ತು, ಇವನು ಆ ಮುಖವನ್ನೇ ಅಭಿನಯಿಸಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದ.

"ಈಗ ತಿರುಗಲಾ?" ಎಂದು ಕೇಳಿದ.

"ಹೂಂ."

ಕೂತಲ್ಲೇ ಪೂರ್ತಿ ತಿರುಗಿದ. ಇಷ್ಟು ಹತ್ತಿರದಿಂದ, ಇಷ್ಟು ಬೆಳಕಿನಲ್ಲಿ ಅವಳ ಮುಖವನ್ನು ನೋಡಿ ಎಷ್ಟು ಕಾಲವಾಗಿತ್ತೋ. ಹಣೆಯ ಪಕ್ಕದಲ್ಲಿ ಕೂದಲು ಬೆಳ್ಳಗಾಗಿತ್ತು. ಊರಿನ ತಲೆಗಳನ್ನೆಲ್ಲ ಬಲ್ಲ ಅವನಿಗೆ ಅದು ಹೊಸ ಸುದ್ದಿ.

"ತಪ್ಪಾಯ್ತು," ಎಂದ. "ನಗಿಸಿದ್ದು ತಪ್ಪು. ಗೊತ್ತಾಗದೇ ಹೋದದ್ದು ಅದಕ್ಕಿಂತ ದೊಡ್ಡ ತಪ್ಪು. ನೀನು ಇದ್ದೇ ಇರ್ತೀಯ ಅಂದ್ಕೊಂಡಿದ್ದೆ. ಅಷ್ಟೇ."

ಮುಖ ಕೊಟ್ಟು ಇಷ್ಟು ಉದ್ದ ಮಾತನ್ನು ಅವನು ಯಾರ ಹತ್ತಿರವೂ ಆಡಿರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಬೆವರಿದ್ದ. ಅವಳು ಅವನನ್ನೇ ನೋಡುತ್ತಿದ್ದಳು. ಕಣ್ಣೊರೆಸಿಕೊಂಡು, ಮಡಿಲಲ್ಲಿದ್ದ ಅಂಗಿ ಪಕ್ಕಕ್ಕಿಟ್ಟು, "ಆ ಐದು ಗ್ರಾಂ ತೆಗೆದು ಚಕ್ರ ಹಾಕಿ. ಬೆಳಕಿರೋವಾಗ್ಲೇ ಹೋಗಿಬರೋಣ," ಎಂದಳು.

ಗಾಡಿ ಹೊರಟಿತು. ಅವಳು ಹಿಂದಿನ ಕಂಬಿ ಹಿಡಿದು ಕೂತಿದ್ದಳು, ಅವನನ್ನು ಮುಟ್ಟಿರಲಿಲ್ಲ. ಬೀದಿಯ ಕೊನೆಯಲ್ಲಿ ಅವನು ಕೇಳಿದ, "ಇದ್ದೀಯಾ?"

"ಇದ್ದೀನಿ."

ದರ್ಜಿಯ ಅಂಗಡಿ ದಾಟಿದಮೇಲೆ, "ಇದ್ದೀಯಾ?"

"ಇದ್ದೀನಿ ರೀ."

ದೊಡ್ಡ ರಸ್ತೆಗೆ ಬಂದು ವೇಗ ಹೆಚ್ಚಿಸಿದ. ಹ್ಯಾಂಡಲ್ಲು ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು, ಎಲ್ಲೂ ಒಂದು ನಡುಕವಿಲ್ಲ. ಟೈರಂಗಡಿಯವನಿಗೆ ತೋರಿಸಬೇಕು ಅನ್ನಿಸಿತು. ಎದುರಿಗೆ ಸೇತುವೆ, ಅದರಾಚೆ ಹೊಂಬಿಸಿಲು. ಸೇತುವೆಯ ನಡುವೆ ಬಂದಾಗ ಮತ್ತೆ ಕೇಳಿದ.

"ಇದ್ದೀಯಾ?"

ಉತ್ತರವಿಲ್ಲ.

ಅವನ ಜೀವ ಬಾಯಿಗೆ ಬಂತು. ಹಿಂದೆ ಮುಂದೆ ನೋಡದೆ ಬ್ರೇಕು ಒತ್ತಿದ. ಗಾಡಿ ಕಿರ್ರೆಂದು ಸೇತುವೆಯ ನಟ್ಟನಡುವೆ ನಿಂತಿತು. ಹಿಂದಿದ್ದ ಲಾರಿಯೂ ಕಿರ್ರೆಂದಿತು, ಅದರ ಹಿಂದಿನ ನಾಲ್ಕಾರು ಗಾಡಿಗಳು ಒಟ್ಟಿಗೇ ಹಾರನ್ ಹೊಡೆದವು. ಅವನು ಕಾಲು ಊರಿ, ಸೊಂಟ ತಿರುಗಿಸಿ, ಹಿಂದೆ ನೋಡಿದ. ಅವಳು ಇದ್ದಳು. ಒಂದು ಅಡಿ ದೂರದಲ್ಲಿ, ಅವನನ್ನೇ ನೋಡುತ್ತ, ಅಲುಗದೆ ಕೂತಿದ್ದಳು.

"ನಿಲ್ಲಿಸ್ತೀರಾ ಇಲ್ವಾ ಅಂತ ನೋಡಿದೆ," ಎಂದಳು.

ಲಾರಿಯವನು ತಲೆ ಹೊರಗೆ ಹಾಕಿ ಅರಚಿದ: "ಏನ್ರೀ ಯಜಮಾನ್ರೇ, ಮನೇಲಿ ಮುಖ ನೋಡ್ಕೊಳ್ಳಕ್ಕಾಗಲ್ವಾ ನಿಮಗೆ?"

ಅವಳಿಗೆ ನಗು ಬಂತು. ಅಳುವೂ ಬಂದಿತ್ತು, ಆದರೆ ನಗುವೇ ಮುಂದಾಯಿತು. ಕಂಬಿ ಬಿಟ್ಟು, ಮುರಿದು ಕೂಡಿದ ಬಲಗೈಯನ್ನು ಅವನ ಹೆಗಲ ಮೇಲಿಟ್ಟು, "ನಡೀರಿ. ಇನ್ನೊಂದು ಕನಸಿದೆ, ಅದು ಚೆನ್ನಾಗಿದೆ," ಎಂದಳು.

ಲಾರಿಗೆ ದಾರಿ ಬಿಟ್ಟು ಅವನು ರಸ್ತೆಯ ಅಂಚಿಗೆ ಬಂದ. ಈ ಸಲ ಒಂದು ಪದವೂ ಗಾಳಿಗೆ ಹೋಗಬಾರದೆಂದು ಗಾಡಿಯನ್ನು ಎಷ್ಟು ನಿಧಾನಕ್ಕೆ ಇಳಿಸಿದನೆಂದರೆ, ನಡೆದುಹೋಗುವವರು ಕೂಡ ಅವರನ್ನು ದಾಟಿ ಮುಂದೆ ಹೋದರು. ಆ ವೇಗಕ್ಕೆ ಚಕ್ರ ಬ್ಯಾಲೆನ್ಸ್ ಮಾಡುವ ಅಗತ್ಯವೇ ಇರಲಿಲ್ಲ.